ಜ್ವರ ಬಿಟ್ಟ ಮೇಲಿನ ಹದಿನೈದು ದಿನ

ಮೆಡಿಕಲ್ ಸ್ಟೋರಿನ ಕೌಂಟರ್ ಹಿಂದೆ ನಿಂತವರಿಗೆ ಊರಿನ ಕಾಯಿಲೆ ಪೇಪರಿಗಿಂತ ಮೊದಲೇ ಗೊತ್ತಾಗುತ್ತದೆ. ಬೆಂಗಳೂರಿನ ಹೊಸಹಳ್ಳಿಯ ನಮ್ಮ ಅಂಗಡಿಗೆ ಮೊದಲ ವಾರ ಡೋಲೊ ಕೇಳಿಕೊಂಡು ಬಂದವರೇ ಮುಂದಿನ ವಾರ ಸಿರಪ್ಪಿಗೆ ಬರುತ್ತಾರೆ. "ಜ್ವರ ಬಿಟ್ಟಿದೆ ಅಕ್ಕಾ, ಕೆಮ್ಮೊಂದು ಬಿಡ್ತಿಲ್ಲ." ನನ್ನ ತಕರಾರೆಲ್ಲ ಈ ಎರಡನೇ ವಾರದ ಬಗ್ಗೆ. ಜ್ವರವಿದ್ದಾಗ ಡಾಕ್ಟರ್ ಇದ್ದಾರೆ, ರಕ್ತಪರೀಕ್ಷೆ ಇದೆ, ಆಫೀಸಿನಲ್ಲಿ ರಜೆಯೂ ಸಿಗುತ್ತದೆ. ಜ್ವರ ಬಿಟ್ಟ ಮೇಲಿನ ಹದಿನೈದು ದಿನ ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ. ವೈರಸ್ಸು ಶ್ವಾಸಕೋಶಕ್ಕೆ ಪೆಟ್ಟು ಕೊಟ್ಟು ಹೋಗಿದೆ ಎಂಬುದು ಎಷ್ಟೋ ಸಲ ಗೊತ್ತಾಗುವುದೇ ಆಗ.

ಶ್ವಾಸನಾಳದ ಒಳಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ರೋಮಗಳಿವೆ. ಕಫ, ದೂಳು, ರೋಗಾಣು ಏನೇ ಒಳಗೆ ಬಂದರೂ ಮೇಲಕ್ಕೆ ತಳ್ಳುತ್ತಿರುವುದು ಅವುಗಳ ಕೆಲಸ. ಫ್ಲೂ ವೈರಸ್ ಆ ಪದರವನ್ನೇ ಕಿತ್ತುಹಾಕುತ್ತದೆ. ಅದು ಮತ್ತೆ ಬೆಳೆಯಲು ವಾರಗಳು ಬೇಕು. ಅಷ್ಟರಲ್ಲಿ ಮೂಗು, ಗಂಟಲಲ್ಲಿ ತೆಪ್ಪಗಿದ್ದ ನ್ಯುಮೊಕಾಕಸ್, ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾಗಳು ಕೆಳಗಿಳಿದು ನ್ಯುಮೋನಿಯಾ ಮಾಡುತ್ತವೆ. 1918ರ ಇನ್‌ಫ್ಲುಯೆಂಜಾದಲ್ಲಿ ಸತ್ತವರ ಶ್ವಾಸಕೋಶದ ತುಣುಕುಗಳನ್ನು ಅಮೆರಿಕದಲ್ಲಿ ಕಾಪಿಟ್ಟಿದ್ದರು. 2008ರಲ್ಲಿ ಅವುಗಳನ್ನು ಮತ್ತೆ ಪರೀಕ್ಷಿಸಿದ ಸಂಶೋಧಕರು, ಬಹುಪಾಲು ಸಾವಿಗೆ ಹೀಗೆ ಹಿಂದೆಯೇ ಬಂದ ನ್ಯುಮೋನಿಯಾ ಕಾರಣ ಎಂದರು.

ಹಾಗಂತ ಕೆಮ್ಮುವವರೆಲ್ಲ ಹೆದರಬೇಕಿಲ್ಲ. ಜ್ವರದ ನಂತರದ ಒಣಕೆಮ್ಮು ಮೂರರಿಂದ ಎಂಟು ವಾರ ಇದ್ದು ತಾನಾಗಿಯೇ ಹೋಗುವುದೇ ಹೆಚ್ಚು. ಅದಕ್ಕೆ ಅಜಿತ್ರೊಮೈಸಿನ್ ಕೊಡಿ ಎಂದು ಹಟ ಹಿಡಿಯುವವರ ಜೊತೆ ನನಗೆ ದಿನವೂ ಜಗಳ. ಚೀಟಿ ಇಲ್ಲದೆ ಕೊಡುವ ಹಾಗಿಲ್ಲ ಎಂದರೆ ಪಕ್ಕದ ರಸ್ತೆಗೆ ಹೋಗುತ್ತಾರೆ. ಆ ಮಾತ್ರೆ ಬೇಕಿಲ್ಲದವರು ಅದನ್ನು ನುಂಗುತ್ತಾರೆ, ಎಕ್ಸ್‌ರೇ ಬೇಕಾದವರು ಸಿರಪ್ ಕುಡಿದು ಮಲಗುತ್ತಾರೆ.

ಹೋದ ಮಳೆಗಾಲದಲ್ಲಿ ಕಾಮಾಕ್ಷಿಪಾಳ್ಯದ ಪ್ಲೇಟಿಂಗ್ ಶಾಪಿನಲ್ಲಿ ದುಡಿಯುವವರೊಬ್ಬರು ರಾತ್ರಿ ಶಟರ್ ಎಳೆಯುವ ಹೊತ್ತಿಗೆ ಬಂದರು. "ಒಂದು ಸಿರಪ್ಪು... ನಿದ್ದೆ ಬರೋ... ಅಂಥದ್ದು ಕೊಡಿ." ಅಷ್ಟು ಪುಟ್ಟ ಮಾತಿಗೆ ಎರಡು ಸಲ ಉಸಿರೆಳೆದುಕೊಂಡರು. ಜ್ವರ ಬಂದು ಬಿಟ್ಟಿತ್ತಂತೆ, ಕೆಲಸಕ್ಕೂ ಹೋಗಿದ್ದರಂತೆ, ಈಗ ಮತ್ತೆ ಚಳಿ ಹಿಡಿದು ಬರುತ್ತಿದೆಯಂತೆ. ಕೆಮಿಕಲ್ ಹತ್ತಿ ಹಳದಿಯಾಗಿದ್ದ ಬೆರಳು ಒರೆಸಿ ಆಕ್ಸಿಮೀಟರ್ ಸಿಕ್ಕಿಸಿದೆ. 88. ಬೆರಳು ಬದಲಿಸಿದೆ. 89. ಅವರ ಹೆಂಡತಿಗೆ ನಾನೇ ಫೋನ್ ಮಾಡಿ, ಇಎಸ್‌ಐ ಕಾರ್ಡ್ ಹಿಡಿದುಕೊಂಡು ಆಟೊದಲ್ಲಿ ಬನ್ನಿ ಎಂದೆ. ಆಸ್ಪತ್ರೆಯಲ್ಲಿ ನೋಡಿದರೆ ಬಲಗಡೆ ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ. ಆ ರಾತ್ರಿಯೇ ಅಡ್ಮಿಟ್ ಮಾಡಿಕೊಂಡರು. ಬಿಟ್ಟ ಜ್ವರ ಮರುಕಳಿಸುವುದು, ಮಾತಿನ ಮಧ್ಯೆ ಉಸಿರು ತುಂಡಾಗುವುದು ಇವೆರಡನ್ನು ಗುರುತಿಸಲು ಎಂಬಿಬಿಎಸ್ ಬೇಕಿಲ್ಲ.

ಕೋವಿಡ್ ಈ ಪಾಠವನ್ನು ಬೇರೆ ರೀತಿಯಲ್ಲಿ ಕಲಿಸಿತ್ತು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಸುಮನಹಳ್ಳಿ ಚಿತಾಗಾರದ ಕಡೆ ಆಂಬುಲೆನ್ಸುಗಳು ಸಾಲುಗಟ್ಟಿದ್ದಾಗ ನಮ್ಮ ಗಿರಾಕಿಗಳ ಬಾಯಲ್ಲಿ ಶ್ವಾಸಕೋಶದ ಸಿ.ಟಿ. ಸ್ಕೋರ್ ಪರೀಕ್ಷೆಯ ಅಂಕದಂತೆ ಓಡಾಡುತ್ತಿತ್ತು: ಇಪ್ಪತ್ತೈದಕ್ಕೆ ಇಷ್ಟು. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಆಕ್ಸಿಜನ್ ಬೇಕಾದವರ ಜೀವ ಉಳಿಸುತ್ತದೆ, ಬೇಡದವರಿಗೆ ಪ್ರಯೋಜನವಿಲ್ಲ ಎಂದು ಬ್ರಿಟನ್ನಿನ ರಿಕವರಿ ಅಧ್ಯಯನ 2020ರ ಜೂನಿನಲ್ಲೇ ಹೇಳಿತ್ತು. ಇಲ್ಲಿ ವಾಟ್ಸ್‌ಆ್ಯಪ್ ಚೀಟಿ ತೋರಿಸಿ ಸ್ಟೀರಾಯ್ಡ್ ಕೇಳಿದವರಿಗೆ ಲೆಕ್ಕವಿಲ್ಲ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಕೆಲವರಿಗೆ ಆಮೇಲೆ ಕಪ್ಪು ಶಿಲೀಂಧ್ರ ತಗುಲಿತು. ಬದುಕಿ ಬಂದವರಲ್ಲಿ ಹೆಚ್ಚಿನವರ ಶ್ವಾಸಕೋಶ ತಿಂಗಳುಗಳಲ್ಲಿ ತಿಳಿಯಾಯಿತು, ಕೆಲವರಲ್ಲಿ ಗಾಯದ ಕಲೆ ಹಾಗೇ ಉಳಿಯಿತು. ಅಂಥವರು ಈಗಲೂ ನಮ್ಮ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಬಿಟ್ಟು ಎಸ್ಕಲೇಟರ್ ಹುಡುಕುತ್ತಾರೆ. ವಯಸ್ಸಾಯ್ತು ಅಂತಾರೆ. ನಲವತ್ತೈದು ಒಂದು ವಯಸ್ಸೇ?

ಸುದ್ದಿಯಾಗುವುದು ವೈರಸ್ಸಿನ ಹೆಸರು ಮಾತ್ರ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ, ಒಂದಕ್ಕೆ ಮೂರು ತಿಂಗಳು, ಇನ್ನೊಂದಕ್ಕೆ ಎಂಟು ತಿಂಗಳು, ಎಚ್‌ಎಂಪಿವಿ ಪತ್ತೆಯಾದಾಗ ನಮ್ಮಲ್ಲಿ ಮಾಸ್ಕಿಗೆ ನೂಕುನುಗ್ಗಲು. ಆ ವೈರಸ್ಸನ್ನು ನೆದರ್ಲೆಂಡ್ಸಿನಲ್ಲಿ ಗುರುತಿಸಿದ್ದೇ 2001ರಲ್ಲಿ, ಹೊಸತೇನಲ್ಲ. ಎರಡೂ ಕೂಸುಗಳಿಗೆ ಬ್ರಾಂಕೋನ್ಯುಮೋನಿಯಾ ಆಗಿತ್ತು ಎಂಬುದನ್ನು ಕೌಂಟರಿನಲ್ಲಿ ಒಬ್ಬರೂ ಎತ್ತಲಿಲ್ಲ. ಮಗು ಉಸಿರಾಡುವಾಗ ಪಕ್ಕೆ ಒಳಗೆ ಸೆಳೆಯುತ್ತಿದೆಯಾ ನೋಡಿ ಎಂದು ಮಾಸ್ಕ್ ಕೊಂಡ ತಾಯಂದಿರಿಗೆಲ್ಲ ಹೇಳಿ ಕಳಿಸಿದೆ.

ಮೆಡಿಕಲ್ ಸ್ಟೋರೇ ಮೊದಲ ಆಸ್ಪತ್ರೆ ಎಂಬುದು ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. ಜ್ವರ, ಶೀತ, ಕೆಮ್ಮಿಗೆ ಮಾತ್ರೆ ಕೊಳ್ಳುವವರ ಹೆಸರು, ಫೋನ್ ನಂಬರ್ ಬರೆದು ಕಳಿಸಿ ಎಂದು 2020ರಲ್ಲಿ ನಮಗೇ ಆದೇಶ ಬಂದಿತ್ತು. ಆಗ ಅದು ರೋಗಿಯನ್ನು ಹಿಡಿಯಲು. ಜನ ಸುಳ್ಳು ನಂಬರ್ ಕೊಟ್ಟರು, ತಪ್ಪೇನೂ ಅಲ್ಲ. ಈಗ ಯಾರನ್ನೂ ಹಿಡಿಯುವುದು ಬೇಡ. 2023ರ ಫೆಬ್ರವರಿಯಿಂದ ನಗರದಲ್ಲಿ ಸರ್ಕಾರದ ನಮ್ಮ ಕ್ಲಿನಿಕ್‌ಗಳಿವೆ. ಜ್ವರ ಬಿಟ್ಟು ವಾರವಾದ ಮೇಲೂ ಸುಸ್ತು, ಕೆಮ್ಮು ಇದ್ದವರನ್ನು ಅಲ್ಲಿ ಆರು ನಿಮಿಷ ನಡೆಸಿ ಆಕ್ಸಿಮೀಟರ್ ಹಾಕಿ ನೋಡಲಿ. ಕೂತಾಗ 97 ತೋರಿಸಿದ್ದು ನಡೆದಾಗ ಇಳಿಯುತ್ತದಾ ಎಂಬುದೇ ಮುಖ್ಯ. ಇಳಿದರೆ ಎಕ್ಸ್‌ರೇಗೆ ಬರೆದುಕೊಡಲಿ. ಇದು ಸಂಜೆ ಎಂಟರವರೆಗೂ ನಡೆಯಬೇಕು, ಏಕೆಂದರೆ ದಿನಗೂಲಿಯವರು ಕೆಮ್ಮಿಗಾಗಿ ಕೂಲಿ ಬಿಡುವುದಿಲ್ಲ. ಮಕ್ಕಳಿಗೆ ನ್ಯುಮೊಕಾಕಸ್ ಲಸಿಕೆ ಸರ್ಕಾರವೇ ಪುಕ್ಕಟೆ ಕೊಡುತ್ತಿದೆ. ಅರವತ್ತು ದಾಟಿದ, ಸಕ್ಕರೆ ಇರುವ ಅಜ್ಜ ಅಜ್ಜಿಯರಿಗೆ ವರ್ಷಕ್ಕೊಂದು ಫ್ಲೂ ಲಸಿಕೆಯನ್ನೂ ಹಾಗೇ ಕೊಡಲಿ. ಐಸಿಯು ಬಿಲ್ಲಿಗೆ ಹೋಲಿಸಿದರೆ ಅದೊಂದು ಖರ್ಚೇ ಅಲ್ಲ.

ಇನ್ನು ನಮ್ಮ ಪಾಲು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಗೀಟು ಹಾಕಿ ಮಾತ್ರೆ ಕೊಡುವ ಕಂದು ಕವರಿನ ಹಿಂಬದಿ ಖಾಲಿ ಇರುತ್ತದೆ. ಬಿಟ್ಟ ಜ್ವರ ಮತ್ತೆ ಬಂದರೆ, ಮಾತಾಡುವಾಗ ಉಸಿರು ಸಾಲದಿದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ; ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಟಿ.ಬಿ.ಗೆ ಕಫ ಪರೀಕ್ಷೆ ಪುಕ್ಕಟೆ ಎಂದು ಅಲ್ಲಿ ಅಚ್ಚಾಗಲಿ. ಪಾಲಿಕೆ ಅಚ್ಚು ಹಾಕಿಸಿಕೊಟ್ಟರೆ ಹಂಚುವುದು ನಮ್ಮ ಕೆಲಸ. ಕೊಡದಿದ್ದರೆ ಮುಂದಿನ ಬಂಡಲಿಗೆ ನಾನೇ ರಬ್ಬರ್ ಸ್ಟ್ಯಾಂಪ್ ಮಾಡಿಸಿ ಒತ್ತುತ್ತೇನೆ.