ಕುಲುಮೆಯೂ ಒಂದು ಪ್ರಯೋಗಶಾಲೆ

ಮಾನವನು ತನ್ನ ಕೈಯಿಂದ ನಿರ್ಮಿಸಿದ ಮೊದಲ ಸಾಧನಗಳಲ್ಲಿ ಹರಿತವಾದ ಅಂಚೂ ಒಂದು. ಇದಕ್ಕೆ ಸಾಕ್ಷ್ಯವನ್ನು ನಾವು ದೂರದೇಶಗಳಲ್ಲಿ ಅರಸಬೇಕಾಗಿಲ್ಲ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ, ಹುಣಸಗಿಯ ಸಮೀಪದ ಇಸಾಂಪುರದಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಧ್ಯಾಪಕ ಕೆ. ಪದ್ದಯ್ಯನವರು 1990ರ ದಶಕದ ಕೊನೆಯಲ್ಲಿ ಉತ್ಖನನ ನಡೆಸಿದಾಗ, ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿಗಳನ್ನು ಮಾಡುತ್ತಿದ್ದ ಆದಿಮಾನವರ ಕಾರ್ಯಾಗಾರವೇ ಬೆಳಕಿಗೆ ಬಂದಿತು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲನ್ನು ಪರೀಕ್ಷಿಸಿದ ವಿಜ್ಞಾನಿಗಳು ಆ ನೆಲೆಯ ವಯಸ್ಸನ್ನು ಸುಮಾರು 12 ಲಕ್ಷ ವರ್ಷಗಳೆಂದು ಗಣಿಸಿದ್ದಾರೆ. ಅದೇ ನೆಲದ ಹಳ್ಳಿಗಳಲ್ಲಿ ಅಂಚನ್ನು ಹರಿತಗೊಳಿಸುವ ಕೆಲಸವು ಇಂದು ಕಮ್ಮಾರನ ಕುಲುಮೆಯಲ್ಲಿ ನಡೆಯುತ್ತದೆ. ಆ ಕುಲುಮೆಯನ್ನು ನಮ್ಮ ಶಾಲಾಕಾಲೇಜುಗಳು ಒಂದು ಪ್ರಯೋಗಶಾಲೆಯೆಂದು ಅಂಗೀಕರಿಸಬೇಕೆಂಬುದೇ ಈ ಲೇಖನದ ವಾದ.

ಜಪಾನೀ ಮಾದರಿಯ ಚೂರಿಯ ಮೇಲೆ ತರುಣರಿಗೆ ವಿಶೇಷ ಮೋಹವುಂಟು. ಮಡಚಲು ಬಾರದ ಒಂದೇ ಅಲಗು, ಅಲಗಿನ ಉದ್ದಕ್ಕೂ ಅಲೆಯಂತೆ ಹರಿದ ಬಿಳಿಯ ರೇಖೆ, ಹಿಡಿಯ ಮೇಲೆ ವಜ್ರಾಕೃತಿಯಲ್ಲಿ ಹೆಣೆದ ದಾರ, ಇವು ಅದರ ಲಕ್ಷಣಗಳು. ಇವು ಬರಿಯ ಅಲಂಕಾರವೆಂದು ಭಾವಿಸತಕ್ಕದ್ದಲ್ಲ. ಪ್ರತಿಯೊಂದರ ಹಿಂದೆಯೂ ಒಂದು ಕಾರಣವಿದೆ.

ಉಕ್ಕೆಂದರೆ ಅಲ್ಪಪ್ರಮಾಣದ ಇಂಗಾಲ ಬೆರೆತ ಕಬ್ಬಿಣ. ಅದನ್ನು ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿದರೆ ಇಂಗಾಲದ ಪರಮಾಣುಗಳು ಹೊರಬೀಳಲು ಸಮಯವಿಲ್ಲದೆ ಕಬ್ಬಿಣದ ಸ್ಫಟಿಕಗಳೊಳಗೆ ಸಿಕ್ಕಿಬೀಳುತ್ತವೆ. ಆಗ ಲೋಹವು ಬಹು ಕಠಿಣವಾಗುತ್ತದೆ. ಜೊತೆಗೆ ಗಾಜಿನಂತೆ ಬೆಳೆಯುವಷ್ಟು ಬಿರುಸೂ ಆಗುತ್ತದೆ, ಅಂದರೆ ಸುಲಭವಾಗಿ ಮುರಿಯುತ್ತದೆ. ಕಠಿಣವಲ್ಲದ ಅಂಚು ಬೇಗನೆ ಮೊಂಡಾಗುತ್ತದೆ. ಬಾಗಲಾರದ ಅಲಗು ಮುರಿಯುತ್ತದೆ. ಈ ಎರಡು ಗುಣಗಳನ್ನು ಒಂದೇ ಅಲಗಿನಲ್ಲಿ ಹೇಗೆ ಕೂಡಿಸಬೇಕು? ಜಪಾನಿನ ಕಮ್ಮಾರನು ಅಲಗಿಗೆ ಜೇಡಿಮಣ್ಣನ್ನು ಬಳಿಯುತ್ತಾನೆ: ಬೆನ್ನಿಗೆ ದಪ್ಪವಾಗಿ, ಅಂಚಿಗೆ ತೆಳುವಾಗಿ. ನೀರಿನಲ್ಲಿ ಅದ್ದಿದಾಗ ಅಂಚು ಬೇಗನೆ ತಣಿದು ಕಠಿಣವಾಗುತ್ತದೆ. ಬೆನ್ನು ನಿಧಾನವಾಗಿ ತಣಿದು ಮೆದುವಾಗಿ ಉಳಿಯುತ್ತದೆ. ಇವೆರಡರ ಗಡಿಯೇ ಆ ಬಿಳಿಯ ರೇಖೆ.

ನಮ್ಮ ಹಳ್ಳಿಯ ಕಮ್ಮಾರನ ಮುಂದಿರುವ ಸಮಸ್ಯೆಯೂ ಇದೇ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಶೇಕಡಾ 0.5ರಿಂದ 0.6ರಷ್ಟು ಇಂಗಾಲವಿರುತ್ತದೆ. ಅದನ್ನು ಬಡಿದು ಕುಡಗೋಲನ್ನೋ ಕೊಡಲಿಯನ್ನೋ ಮಾಡುವಾಗ ಅವನು ಕಾದ ಲೋಹದ ಬಣ್ಣವನ್ನು ನೋಡಿಯೇ ಅದ್ದುವ ಗಳಿಗೆಯನ್ನು ನಿರ್ಣಯಿಸುತ್ತಾನೆ. ಈ ನಿರ್ಣಯವನ್ನು ವಿದ್ಯಾರ್ಥಿಯು ಒಂದು ಅಯಸ್ಕಾಂತದಿಂದ ಪರೀಕ್ಷಿಸಬಹುದು. ಸುಮಾರು 770 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕಬ್ಬಿಣವು ಅಯಸ್ಕಾಂತದ ಸೆಳೆತಕ್ಕೆ ಒಳಪಡುವುದನ್ನು ನಿಲ್ಲಿಸುತ್ತದೆ. ಹದಕ್ಕೆ ಬೇಕಾದ ಉಷ್ಣತೆಯು ಅದಕ್ಕಿಂತ ಸ್ವಲ್ಪವೇ ಮೇಲಿರುತ್ತದೆ. ತಣಿಸಿದ ಅಲಗನ್ನು ಉಜ್ಜಿ ಮತ್ತೆ ಮೆಲ್ಲನೆ ಕಾಯಿಸಿದರೆ ಸುಮಾರು 220 ಡಿಗ್ರಿಯಲ್ಲಿ ಹುಲ್ಲಿನ ಹಳದಿ, 300ರ ಸುಮಾರಿಗೆ ನೀಲಿ ಬಣ್ಣ ಮೂಡುತ್ತದೆ. ಹಳದಿಯಲ್ಲಿ ನಿಲ್ಲಿಸಿದ ಅಂಚು ಹೆಚ್ಚು ಕಠಿಣವಾಗಿರುತ್ತದೆ. ನೀಲಿಗೆ ಹೋದದ್ದು ಹೆಚ್ಚು ಪೆಟ್ಟನ್ನು ತಾಳುತ್ತದೆ. ಕಮ್ಮಾರನ ಕಣ್ಣೇ ಅವನ ಉಷ್ಣಮಾಪಕ.

ಹಿಡಿಗೆ ಸುತ್ತಿದ ದಾರವೂ ಭೌತಶಾಸ್ತ್ರದ ಪಾಠವೇ. ಗೂಟಕ್ಕೆ ಹಗ್ಗವನ್ನು ಎರಡು ಮೂರು ಸುತ್ತು ಹಾಕಿದವನು ಹೋರಿಯ ಜಗ್ಗಾಟವನ್ನು ಒಂದು ಕೈಯಲ್ಲಿ ತಡೆಯಬಲ್ಲನಷ್ಟೆ. ಸುತ್ತು ಹೆಚ್ಚಿದಂತೆ ಘರ್ಷಣೆಯ ಹಿಡಿತವು ಗುಣೋತ್ತರವಾಗಿ ಬೆಳೆಯುತ್ತದೆ. ಆದುದರಿಂದಲೇ ಬಿಗಿಯಾಗಿ ಸುತ್ತಿದ ದಾರವು ಸಡಿಲುವುದಿಲ್ಲ. ಅದರ ಏರುತಗ್ಗುಗಳು ಬೆವರಿದ ಕೈ ಜಾರದಂತೆ ನೋಡಿಕೊಳ್ಳುತ್ತವೆ. ಸವೆದಾಗ ಬಿಚ್ಚಿ ಹೊಸದನ್ನು ಸುತ್ತಬಹುದು. ಹತ್ತಿ ಬೆಳೆಯುವ ಯಾದಗಿರಿ, ಶಹಾಪುರಗಳ ಹುಡುಗರಿಗೆ ಈ ಪ್ರಯೋಗಕ್ಕೆ ನೂಲಿನ ಹಗ್ಗವೇ ಸಾಕು.

ಹಾಗಾದರೆ ಜಪಾನೀಯರ ವಿದ್ಯೆ ಲೋಕಪ್ರಸಿದ್ಧವಾದುದೇಕೆ, ನಮ್ಮದು ಮರೆಯಾದುದೇಕೆ? ಪಾಶ್ಚಾತ್ಯರು ‘ವೂಟ್ಸ್’ ಎಂದು ಕರೆದ ಉಕ್ಕಿನ ಹೆಸರು ಕನ್ನಡದ ‘ಉಕ್ಕು’ ಶಬ್ದದಿಂದಲೇ ಬಂದಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದನ್ನು ಕುರಿತು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಮಂಡಿಸಿದನು. ಮುಂದೆ ಮೈಕೆಲ್ ಫ್ಯಾರಡೆಯೂ ಅದನ್ನು ಪರೀಕ್ಷಿಸಿದನು. ಆ ಉಕ್ಕನ್ನು ಕರಗಿಸಿದ ನಮ್ಮವರ ಅನುಭವವನ್ನಾದರೋ ಅವರ ಮಾತಿನಲ್ಲೇ ಬರೆದಿಟ್ಟವರು ವಿರಳ. ಅಗ್ಗದ ಪರದೇಶೀ ಉಕ್ಕು ಬಂದಾಗ ಕುಲುಮೆ ಆರಿತು. ವಿದ್ಯೆಯೂ ಅದರೊಡನೆ ಹೋಯಿತು. ಜಪಾನಿನಲ್ಲಿಯೂ 1876ರ ಶಾಸನದಿಂದ ಖಡ್ಗಧಾರಣೆ ನಿಂತಿತು, 1945ರ ಸೋಲಿನ ಬಳಿಕ ಖಡ್ಗನಿರ್ಮಾಣವೇ ನಿಷಿದ್ಧವಾಯಿತು. ಆದರೂ ಅವರು 1977ರಲ್ಲಿ ಶಿಮಾನೆ ಪ್ರಾಂತದಲ್ಲಿ ಸಾಂಪ್ರದಾಯಿಕ ಉಕ್ಕಿನ ಕುಲುಮೆಯನ್ನು ಮತ್ತೆ ಹೊತ್ತಿಸಿ, ಗುರುಶಿಷ್ಯ ಪರಂಪರೆಯನ್ನು ನಿಯಮಬದ್ಧಗೊಳಿಸಿದರು. ಉಳಿಸುವ ಸಂಕಲ್ಪ, ಅದಕ್ಕೊಂದು ಸಂಸ್ಥೆ, ಇವೇ ಅಂತರವನ್ನುಂಟುಮಾಡಿದುವು.

ಕಾರ್ಖಾನೆಯ ಚೂರಿ ಅಗ್ಗವಾಗಿ ದೊರೆಯುವಾಗ ಈ ಶ್ರಮವೇಕೆಂದು ಕೆಲವರು ಕೇಳಬಹುದು. ಅಗ್ಗದ ಚೂರಿ ತರಕಾರಿಯನ್ನು ಕೊಯ್ಯುತ್ತದೆ. ಉಕ್ಕು ಏಕೆ ಕಠಿಣವಾಗುತ್ತದೆಂಬುದನ್ನು ಅದು ಕಲಿಸುವುದಿಲ್ಲ. ಇನ್ನೊಂದು ಆಕ್ಷೇಪಣೆಯು ಹೆಚ್ಚು ಗಂಭೀರವಾದುದು. ಕಮ್ಮಾರನ ಮಗನು ಓದುವುದೇ ಕುಲುಮೆಯಿಂದ ಬಿಡುಗಡೆ ಹೊಂದಲಿಕ್ಕಲ್ಲವೇ? ಅವನನ್ನು ಮತ್ತೆ ತಿದಿಯ ಮುಂದೆ ಕೂರಿಸುವುದು ನ್ಯಾಯವೇ? ಖಂಡಿತವಾಗಿಯೂ ಅಲ್ಲ. ಅವನು ವೈದ್ಯನಾಗಲಿ, ಅಭಿಯಂತನಾಗಲಿ. ಆದರೆ ವಿದ್ಯೆಯನ್ನು ಒಂದು ಜಾತಿಯ ಹೊರೆಯನ್ನಾಗಿ ಮಾಡಿದ ಸಮಾಜವೇ, ಆ ಜಾತಿಯವರು ಹೊರೆಯನ್ನು ಇಳಿಸಿದಾಗ ವಿದ್ಯೆಯನ್ನೂ ಕಳೆದುಕೊಳ್ಳುತ್ತದೆ. ಅದು ಎಲ್ಲರ ಪಾಠವಾದರೆ ಮಾತ್ರ ಉಳಿದೀತು.

ಆದುದರಿಂದ ನನ್ನ ಸಲಹೆ ಸರಳವಾದುದು. ಯಾದಗಿರಿ, ಶಹಾಪುರ, ಸುರಪುರಗಳ ಪ್ರತಿಯೊಂದು ಪ್ರೌಢಶಾಲೆಯೂ ಕಾಲೇಜೂ ಹತ್ತಿರದ ಕುಲುಮೆಯೊಂದರ ವಿವರಗಳನ್ನು ಬರೆದಿಡಲಿ: ಯಾವ ಲೋಹ, ಯಾವ ಇದ್ದಿಲು, ಎಂತಹ ಬಣ್ಣ, ನೀರೋ ಎಣ್ಣೆಯೋ, ಅಲಗು ಎಷ್ಟು ದಿನ ಬಾಳಿತು. ಕೈಗಾರಿಕಾ ತರಬೇತಿ ಸಂಸ್ಥೆಗಳೂ ಪಾಲಿಟೆಕ್ನಿಕ್‌ಗಳೂ ಆ ಅಲಗುಗಳ ಕಾಠಿಣ್ಯವನ್ನು ಅಳೆದು ಫಲಿತಾಂಶವನ್ನು ಕಮ್ಮಾರನಿಗೇ ಕನ್ನಡದಲ್ಲಿ ತಿಳಿಸಲಿ. ಕಲಿಸಿದ ವೇಳೆಗೆ ಅವನಿಗೆ ಗೌರವಧನ ಸಲ್ಲಲಿ, ಏಕೆಂದರೆ ಅಲ್ಲಿ ಅವನೇ ಉಪಾಧ್ಯಾಯ. ಹುಡುಗರು ಅವನ ಮೇಲ್ವಿಚಾರಣೆಯಲ್ಲಿ, ಕಣ್ಣಿಗೆ ರಕ್ಷಣೆ ಧರಿಸಿ, ಅಡುಗೆಮನೆಗೋ ಹೊಲಕ್ಕೋ ಒದಗುವ ಒಂದು ಸಣ್ಣ ಚೂರಿಯನ್ನು ಮಾಡಿ, ಹಿಡಿಗೆ ತಾವೇ ದಾರ ಸುತ್ತಲಿ.

ಮುಂಗಾರಿಗೆ ಮುನ್ನ ರೈತರು ಕುಂಟೆ ಕುಡಗಳನ್ನು ಹಣಿಸಲು ಕುಲುಮೆಗೆ ಬರುವ ದಿನಗಳೇ ಇದಕ್ಕೆ ತಕ್ಕ ಕಾಲ. ವಿದ್ಯಾರ್ಥಿ ಮಿತ್ರರೇ, ಒಂದು ಅಯಸ್ಕಾಂತವನ್ನೂ ಒಂದು ಟಿಪ್ಪಣಿ ಪುಸ್ತಕವನ್ನೂ ಹಿಡಿದು ನೀವೂ ಅಲ್ಲಿಗೆ ಹೋಗಿರಿ. ಕೇಳುವವರಿರುವಾಗಲೇ ಹೇಳುವವರ ವಿದ್ಯೆಗೆ ಆಯುಷ್ಯ.