ಗೃಹಗಣಿತ: ಎಲ್ಲಿ ನಿಲ್ಲಿಸಬೇಕು?

ಒಂದು ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳಿಗೆ ಅದರ ಅಪವರ್ತನಗಳೆಂದು ಹೆಸರು. ಇವನ್ನು ಕಂಡುಹಿಡಿಯಿರೆಂದರೆ ಮಕ್ಕಳು ತೋಚಿದಷ್ಟನ್ನು ಬರೆದು, ಬೇಸರವಾದಲ್ಲಿ ನಿಲ್ಲಿಸಿಬಿಡುವರು. ‘ಇನ್ನಾವುದೂ ಇಲ್ಲವೆಂದು ಹೇಗೆ ಬಲ್ಲೆ?’ ಎಂದು ಕೇಳಿದರೆ ಉತ್ತರವಿಲ್ಲ. ಬೇಸತ್ತು ನಿಲ್ಲುವುದು ಬೇರೆ, ತಿಳಿದು ನಿಲ್ಲುವುದು ಬೇರೆ. ತಿಳಿದು ನಿಲ್ಲುವ ಬಗೆಯನ್ನು ಮನೆಯಲ್ಲಿಯೇ ಕಲಿಸುವ ಉಪಾಯವೊಂದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

36 ಹುಣಿಸೆಬೀಜಗಳನ್ನು ಮಗುವಿನ ಕೈಗೆ ಕೊಟ್ಟು, ಒಂದೂ ಉಳಿಯದಂತೆ ಸಮನಾದ ಸಾಲುಗಳಲ್ಲಿ ಜೋಡಿಸಹೇಳಿರಿ. ಒಂದೇ ಸಾಲಾದರೆ 36, ಎರಡಾದರೆ 18, ಮೂರಾದರೆ 12, ನಾಲ್ಕಾದರೆ 9 ಬೀಜಗಳು ಸಾಲಿಗೆ ಬರುವುವು. ಐದು ಸಾಲಿಟ್ಟರೆ ಒಂದು ಬೀಜ ಉಳಿಯುವುದು, ಅದನ್ನು ಬಿಡಬೇಕು. ಆರು ಸಾಲಿಟ್ಟರೆ ಸಾಲಿಗೂ ಆರೇ. ಸಾಲುಗಳು ಹೆಚ್ಚಿದಂತೆಲ್ಲ ಅವುಗಳ ಉದ್ದವು ಕುಗ್ಗುತ್ತ ಬಂದು, ಇಲ್ಲಿ ಎರಡೂ ಸಂಧಿಸಿದುವು. ಇನ್ನು ಮುಂದೆ ಒಂಬತ್ತು ಸಾಲಿಟ್ಟರೆ ಸಾಲಿಗೆ ಬರುವುದು ನಾಲ್ಕು; ಹಳೆಯ ಜೋಡಿಯೇ ತಿರುಗಿ ನಿಂತಂತಾಯಿತು. ಆದುದರಿಂದ, ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಕೊಟ್ಟ ಸಂಖ್ಯೆಯನ್ನು ಮೀರುವುದೋ, ಅಲ್ಲಿಂದಾಚೆಗೆ ಹುಡುಕಬೇಕಾದುದಿಲ್ಲ.

ಇದು ಹಲಗೆಯ ಮೇಲಿನ ವಿದ್ಯೆ ಮಾತ್ರವಲ್ಲ. 1957ನೆಯ ಏಪ್ರಿಲಿಗೆ ಮುಂಚೆ ನಮ್ಮ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಅಂತು 192 ಪೈ. ಇದರ ಜೋಡಿಗಳು: 1×192, 2×96, 3×64, 4×48, 6×32, 8×24, 12×16. ಮುಂದಿನ 13 ಭಾಗಿಸದು. 14ನ್ನು 14ರಿಂದ ಗುಣಿಸಿದರೆ 196 ಆಗಿ ಮೀರುವುದು. ಜೋಡಿಗಳು ಏಳೇ ಎಂಬುದು ನಿಶ್ಚಯ. ಈಗಿನ 100 ಪೈಸೆಗಾದರೋ 1×100, 2×50, 4×25, 5×20, 10×10 ಎಂದು ಐದೇ ಜೋಡಿಗಳು. ಹಳೆಯ ರೂಪಾಯಿಯನ್ನು ಮೂವರು ಮಕ್ಕಳಿಗೆ ಹಂಚಿದರೆ ಒಬ್ಬೊಬ್ಬರಿಗೆ ಐದಾಣೆ ನಾಲ್ಕು ಪೈ ಸರಿಯಾಗಿ ಬರುತ್ತಿತ್ತು. ಇಂದಿನ ಲೆಕ್ಕದಲ್ಲಿ 33 ಪೈಸೆಯಂತೆ ಹಂಚಿದ ಮೇಲೆ ಒಂದು ಪೈಸೆ ಉಳಿದು ಜಗಳಕ್ಕೆ ಕಾರಣವಾದೀತು. ಐವರಿಗಾದರೆ ಹೊಸದೇ ಮೇಲು: 20 ಪೈಸೆಯಂತೆ ಸರಿಹೋಗುವುದು; ಹಳೆಯದರಲ್ಲಿ ಎರಡು ಪೈ ಉಳಿಯುತ್ತಿದ್ದುವು.

ಕೊನೆಗೆ ಮಗುವಿಗೆ 97ನ್ನು ಕೊಟ್ಟು ನೋಡಿರಿ. 2ರಿಂದ 9ರವರೆಗೆ ಯಾವುದೂ ಇದನ್ನು ಭಾಗಿಸದು. ಹತ್ತು ಹತ್ತಲಿ ನೂರು, ಎಲ್ಲೆ ಮೀರಿತು. ಆದುದರಿಂದ 1×97 ಒಂದೇ ಜೋಡಿ. ಎಂಟೇ ಭಾಗಾಕಾರಗಳನ್ನು ಮಾಡಿ ‘ಬೇರೆ ಯಾವುದೂ ಇಲ್ಲ’ ಎಂದು ಮಗುವು ಧೈರ್ಯವಾಗಿ ಹೇಳಬಲ್ಲುದಾದರೆ, ಅದು ಗಣಿತದ ರುಚಿಯನ್ನು ಕಂಡಿತೆಂದೇ ನಾವು ಭಾವಿಸುತ್ತೇವೆ.