ಎಳನೀರಿಗೂ ಒಂದು ಪರೀಕ್ಷೆ

ಅರಸೀಕೆರೆಯ ಬಳಿಯ ಮಾಲೇಕಲ್ಲು ತಿರುಪತಿಯ ಬೆಟ್ಟವನ್ನು ಬೇಸಗೆಯ ಬಿಸಿಲಿನಲ್ಲಿ ಹತ್ತಿ ಇಳಿದವನಿಗೆ ಯಾವ ಪಾನೀಯವಾದರೂ ಅಮೃತವೇ ಸರಿ. ಪಾನಕವೋ ಮಜ್ಜಿಗೆಯೋ ಎಳನೀರೋ ಎಂದು ಆರಿಸುವ ತಾಳ್ಮೆ ಆಗ ಇರುವುದಿಲ್ಲ. ಬಾಯಾರಿದವನ ನಾಲಗೆ ಕಕ್ಷಿಗಾರನೇ ಹೊರತು ನ್ಯಾಯಾಧೀಶನಲ್ಲ. ಅದು ಬೇಡಬಲ್ಲದು, ತೀರ್ಪು ಕೊಡಲಾರದು. ಎಳನೀರಿಗೆ ಕನ್ನಡ ನಾಡಿನಲ್ಲಿ ಗೌರವ ಬೇಕಾದಷ್ಟು ಸಿಕ್ಕಿದ್ದರೂ ಪರೀಕ್ಷೆ ಸಿಗದೆ ಹೋದುದಕ್ಕೆ ಇದೇ ಕಾರಣವಿರಬೇಕು. ಕಾಫಿಯ ಹದ ಕೆಟ್ಟರೆ ಮುಖ ಸಿಂಡರಿಸುವ ಮನೆಯ ಯಜಮಾನ, ಎಳನೀರು ಸಪ್ಪೆಯಾಗಿದ್ದರೆ ತನ್ನ ಅದೃಷ್ಟವನ್ನು ಹಳಿದುಕೊಂಡು ಸುಮ್ಮನಾಗುತ್ತಾನೆ.

ಅಮೆರಿಕದವರು ತಮ್ಮ ಬೇಸಗೆಯ ಪಾನೀಯವಾದ ಬಿಯರನ್ನು ಹೀಗೆ ಅದೃಷ್ಟಕ್ಕೆ ಬಿಟ್ಟಿಲ್ಲ. ಅಲ್ಲಿನ ಸಣ್ಣ ಭಟ್ಟಿಗಳಲ್ಲಿಯೂ ಮನೆಗಳಲ್ಲಿಯೂ ಕುಶಲತೆಯಿಂದ ತಯಾರಾಗುವ ಬಿಯರುಗಳನ್ನು ತೂಗಿ ನೋಡುವುದಕ್ಕೆಂದೇ 1985ರಲ್ಲಿ ಪರೀಕ್ಷಕರ ಒಂದು ವ್ಯವಸ್ಥೆ ಹುಟ್ಟಿತು. ಅದರ ಅಂಕಪಟ್ಟಿಯಲ್ಲಿ ಒಟ್ಟು 50 ಅಂಕಗಳು. ಪರಿಮಳಕ್ಕೆ 12, ರೂಪಕ್ಕೆ 3, ರುಚಿಗೆ 20, ಬಾಯಲ್ಲಿ ಆಗುವ ಸ್ಪರ್ಶಕ್ಕೆ 5, ಒಟ್ಟಂದಕ್ಕೆ 10. ಬಿಯರು ಎಲ್ಲ ಮನೆಗಳಿಗೂ ಒಗ್ಗುವ ಪಾನೀಯವಲ್ಲ. ಆದರೆ ಅದರ ಅಂಕಪಟ್ಟಿಯನ್ನು ಎರವಲು ತರುವುದಕ್ಕೆ ಯಾವ ಮಡಿಯೂ ಅಡ್ಡಬರದು. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಗಮನಿಸತಕ್ಕದ್ದು ರೂಪಕ್ಕೆ ಕೊಟ್ಟಿರುವ ಮೂರೇ ಅಂಕ. ಎಳನೀರಿನ ಗಾಡಿಯ ಮುಂದೆ ನಿಂತ ಗಿರಾಕಿಯಾದರೋ ಐವತ್ತಕ್ಕೆ ನಲವತ್ತನ್ನು ರೂಪಕ್ಕೇ ಧಾರೆಯೆರೆಯುತ್ತಾನೆ. ದೊಡ್ಡದು, ಹಸುರಾದದ್ದು, ಮಚ್ಚೆಯಿಲ್ಲದ್ದು ಎಂದು ಬೆರಳು ತೋರಿಸಿ ಆರಿಸುತ್ತಾನೆ.

ರೂಪ ಹೇಳುವುದು ಸ್ವಲ್ಪ, ಮರೆಮಾಡುವುದು ಬಹಳ. ದೊಡ್ಡ ಕಾಯಿಯ ಗಾತ್ರದಲ್ಲಿ ಅರ್ಧಕ್ಕರ್ಧ ಬರಿಯ ಮಟ್ಟೆಯೇ ಇರಬಹುದು. ಸಿಪ್ಪೆಯ ಮೇಲಿನ ಕಂದು ಬಣ್ಣದ ಒರಟು ಬಿರುಕುಗಳನ್ನು ಕಂಡು ಕಾಯಿ ಕೆಟ್ಟಿದೆಯೆಂದು ಭಾವಿಸುವವರುಂಟು. ಅದು ನುಸಿಯ ಗುರುತು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಕರ್ನಾಟಕದ ತೋಟಗಳಿಗೂ ಹಬ್ಬಿದ ಈ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ ತೊಟ್ಟಿನ ಎಸಳುಗಳ ಅಡಿಯಲ್ಲಿ ಕುಳಿತು ಎಳೆಯ ಸಿಪ್ಪೆಯ ರಸವನ್ನು ಹೀರುತ್ತದೆ. ಕಾಯಿ ಚಿಕ್ಕದಾಗಬಹುದು, ವಿಕಾರವಾಗಬಹುದು. ಆದರೆ ನುಸಿಯ ವಾಸ ಹೊರಗೆ, ನೀರಿನೊಳಗಲ್ಲ. ಇದಕ್ಕಿಂತ ಕಿವಿ ಒಳ್ಳೆಯ ಸಾಕ್ಷಿ. ತುಂಬಿದ ಎಳನೀರನ್ನು ಅಲುಗಾಡಿಸಿದರೆ ಸದ್ದು ಬಾರದು. ನೀರು ಕುಲುಕಿತೆಂದರೆ ಕಾಯಿ ಬಲಿತು ಒಳಗೆ ಜಾಗ ಬಿಟ್ಟಿದೆಯೆಂದೇ ಅರ್ಥ. ನುರಿತ ಮಾರಾಟಗಾರ ಮಚ್ಚಿನ ಬೆನ್ನಿನಿಂದ ಒಂದು ಪೆಟ್ಟು ತಟ್ಟಿ ಕೇಳುವುದು ಆಟಕ್ಕಲ್ಲ.

ಎಳನೀರಿನ ರುಚಿಯನ್ನು ನಿರ್ಣಯಿಸುವುದು ಮುಖ್ಯವಾಗಿ ಅದರ ವಯಸ್ಸು. ತೆಂಗಿನ ಮರವೇ ಒಂದು ಪಂಚಾಂಗ. ಚೆನ್ನಾಗಿ ಬೆಳೆದ ಮರದಲ್ಲಿ ಹೆಚ್ಚು ಕಡಿಮೆ ತಿಂಗಳಿಗೊಂದು ಹೊಂಬಾಳೆ ಒಡೆಯುತ್ತದೆ. ಹೊಂಬಾಳೆ ಒಡೆದು ಕಾಯಿ ಪೂರ್ತಿ ಬಲಿಯಲು ಸುಮಾರು ಹನ್ನೆರಡು ತಿಂಗಳು ಬೇಕು. ಆದ್ದರಿಂದ ಒಂದೇ ಮರದಲ್ಲಿ ಮೇಲೆ ಕೂಸು, ನಡುವೆ ಪ್ರಾಯ, ಕೆಳಗೆ ಮುಪ್ಪು ಹೀಗೆ ಎಲ್ಲ ವಯಸ್ಸಿನ ಗೊನೆಗಳೂ ಏಕಕಾಲದಲ್ಲಿ ತೂಗುತ್ತಿರುತ್ತವೆ. ಐದನೆಯ ತಿಂಗಳಿನ ಕಾಯಿಯಲ್ಲಿ ನೀರುಂಟು, ಸಿಹಿ ಸಾಲದು; ನಾಲಗೆಯ ಮೇಲೆ ಸ್ವಲ್ಪ ಒಗರು ಉಳಿಯುತ್ತದೆ. ಆರನೆಯ ತಿಂಗಳ ಹೊತ್ತಿಗೆ ಚಿಪ್ಪಿನ ಒಳಮೈಗೆ ತೆಳುವಾದ ಗಂಜಿ ಕಟ್ಟಲಾರಂಭಿಸುತ್ತದೆ. ಏಳನೆಯ ತಿಂಗಳ ಸುಮಾರಿಗೆ ನೀರಿನ ಸಿಹಿ ತನ್ನ ತುದಿಯನ್ನು ಮುಟ್ಟುತ್ತದೆ. ಅಲ್ಲಿಂದ ಮುಂದೆ ಗಂಜಿ ಕಾಯಿಯಾಗುತ್ತ ಹೋದಂತೆ ನೀರು ತಗ್ಗಿ, ಸಿಹಿ ಇಳಿದು, ಹಸಿ ಕೊಬ್ಬರಿಯ ವಾಸನೆ ಮುಂದೆ ಬರುತ್ತದೆ. ಗೊನೆ ಇಳಿಸುವವನು ಮರದ ಮೇಲೆ ಎಣಿಸುವುದು ಈ ತಿಂಗಳುಗಳನ್ನೇ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡುವುದು ಕಷ್ಟವಲ್ಲ. ರಜೆಯಲ್ಲಿರುವ ಮಕ್ಕಳಿಗೆ ಒಳ್ಳೆಯ ವಿನೋದವೂ ಆದೀತು. ಗಂಜಿಯಿಲ್ಲದ್ದು, ತೆಳುಗಂಜಿಯದು, ದಪ್ಪಗಂಜಿಯದು ಎಂದು ಹೇಳಿ ಮೂರು ಕಾಯಿಗಳನ್ನು ತರಿಸಿ, ಒಂದೇ ಬಗೆಯ ಗಾಜಿನ ಲೋಟಗಳಿಗೆ ಸುರಿದು, ಯಾವುದು ಯಾವುದೆಂದು ತಿಳಿಸದೆ ಮುಂದಿಡಬೇಕು. ಊಟವಾದ ಕೂಡಲೆ ಬೇಡ, ಬಿಸಿಲಿನಿಂದ ಬಂದ ಕೂಡಲೆಯೂ ಬೇಡ. ಮೊದಲು ಮೂಸಬೇಕು, ಬಳಿಕ ಒಂದು ಗುಟುಕನ್ನು ಬಾಯಲ್ಲಿ ನಿಲ್ಲಿಸಬೇಕು, ನುಂಗಿದ ಮೇಲೆ ಹಿಂದುಳಿದ ರುಚಿ ಏನೆಂದು ಕೇಳಿಕೊಳ್ಳಬೇಕು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಬರಿಯ ನೀರಿನಿಂದ ಬಾಯಿ ಮುಕ್ಕಳಿಸುವುದು ನ್ಯಾಯ. ಸಿಹಿಯೊಂದನ್ನೇ ಅಳೆಯಬಾರದು, ಸಿಹಿಯ ಹಿಂದೆ ಒಂದಿಷ್ಟು ಉಪ್ಪಿನ ಎಳೆ ಇಲ್ಲದ ಎಳನೀರು ಸಕ್ಕರೆ ನೀರಿಗೆ ಸಮ. ಆ ಎಳೆಗೆ ಮೂಲ ಅದರಲ್ಲಿ ಹೇರಳವಾಗಿರುವ ಪೊಟ್ಯಾಸಿಯಂ ಮೊದಲಾದ ಲವಣಗಳು. ಮೂತ್ರಪಿಂಡದ ಕಾಯಿಲೆಯುಳ್ಳವರು ವೈದ್ಯರನ್ನು ಕೇಳಿಯೇ ಎಳನೀರು ಕುಡಿಯಬೇಕೆನ್ನುವುದೂ ಅದೇ ಪೊಟ್ಯಾಸಿಯಂ ಕಾರಣದಿಂದ.

ಇಲ್ಲಿ ತಣ್ಣನೆಯ ಪೆಟ್ಟಿಗೆಯ ವಿಚಾರದಲ್ಲಿ ಒಂದು ಮಾತು. ತೀರ ತಣ್ಣಗಾದ ಪಾನೀಯದ ಸಿಹಿ ನಾಲಗೆಗೆ ಮಂದವಾಗಿ ತೋರುತ್ತದೆ, ಪರಿಮಳವೂ ಅಡಗುತ್ತದೆ. ಮಂಜುಗಡ್ಡೆಯಂತೆ ಮಾಡಿದ ಎಳನೀರಿನಲ್ಲಿ ಒಳ್ಳೆಯದಕ್ಕೂ ಸಾಧಾರಣವಾದದ್ದಕ್ಕೂ ಅಂತರವೇ ತಿಳಿಯದು. ನೆರಳಿನಲ್ಲಿಟ್ಟ ಕಾಯಿಯ ಸಹಜ ತಂಪೇ ಪರೀಕ್ಷೆಗೆ ಉತ್ತಮ. ಒಡೆದ ಮೇಲೆ ತಡಮಾಡುವುದೂ ತರವಲ್ಲ. ಗಾಳಿ ಸೋಕಿದ ಎಳನೀರು ಕ್ರಮೇಣ ನಸುಗೆಂಪಿಗೆ ತಿರುಗುವುದುಂಟು. ಸೇಬಿನ ಹೋಳು ಕಪ್ಪಾಗುವಂತೆ ಅದರೊಳಗಿನ ಕಿಣ್ವಗಳು ಕೆಲಸಮಾಡಿದುದರ ಫಲ ಅದು.

ವಯಸ್ಸಿನ ಬಳಿಕ ನೋಡಬೇಕಾದದ್ದು ಜಾತಿ. ಕಾಸರಗೋಡಿನಲ್ಲಿ 1916ರಲ್ಲಿ ಆರಂಭವಾದ ತೆಂಗಿನ ಸಂಶೋಧನಾ ಕೇಂದ್ರ ಇಂದು ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿದೆ. ಎಳನೀರಿಗೆಂದು ಆ ಸಂಸ್ಥೆ ಶಿಫಾರಸು ಮಾಡಿದ ಗಿಡ್ಡ ತಳಿಗಳಲ್ಲಿ ಪ್ರಸಿದ್ಧವಾದದ್ದು ಚೌಘಾಟ್ ಕಿತ್ತಳೆ ಬಣ್ಣದ ಗಿಡ್ಡ ತೆಂಗು. ಒಂದು ಕಾಯಿಯಲ್ಲಿ ಸುಮಾರು 350 ಮಿಲಿಲೀಟರ್ ನೀರು, ಅದರಲ್ಲಿ ನೂರಕ್ಕೆ ಏಳರಷ್ಟು ಸಕ್ಕರೆ. ಅರಸೀಕೆರೆ, ತಿಪಟೂರುಗಳ ತೋಟಗಳಲ್ಲಿ ತಲೆಯೆತ್ತಿ ನಿಂತಿರುವುದು ಹೆಚ್ಚಾಗಿ ಎತ್ತರದ ತಳಿ, ತಿಪಟೂರು ತೆಂಗು. ಅದರ ಎಳನೀರೂ ಸೊಗಸಾದದ್ದೇ. ಆದರೆ ಆ ಮರವನ್ನು ಹಿರಿಯರು ನೆಟ್ಟಿದ್ದು ಕುಡಿಯುವುದಕ್ಕಲ್ಲ, ಕೊಬ್ಬರಿಗೆ.

ಎಳನೀರಿನ ಪರೀಕ್ಷೆ ಕೇವಲ ನಾಲಗೆಯ ಚಪಲವಾಗಿ ಉಳಿಯದಿರುವುದು ಈ ಕೊಬ್ಬರಿಯಿಂದಾಗಿಯೇ. ಅರಸೀಕೆರೆಯ ಸೀಮೆ ಮಲೆನಾಡಿನ ಬೇಲೂರಿಗೆ ದೂರವಲ್ಲದಿದ್ದರೂ ಮಳೆಯ ಪಾಲು ಅದಕ್ಕೆ ಕಡಿಮೆ. ಅರಸಿಯೊಬ್ಬಳ ಕೆರೆಯಿಂದ ಹೆಸರು ಪಡೆದ ಊರು ನೀರಿಗಾಗಿ ಆಕಾಶ ನೋಡುತ್ತದೆ. ಅಲ್ಲಿನ ರೈತ ಬಲಿತ ಕಾಯಿಯನ್ನು ಕೆಡವಿ, ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂಡಿಡುತ್ತಾನೆ. ಒಳಗಿನ ನೀರು ಮೆಲ್ಲಗೆ ಇಂಗಿ, ತಿರುಳು ಒಣಗಿ, ಚಿಪ್ಪನ್ನು ಬಿಟ್ಟು ಗಿಟುಕಾಗುತ್ತದೆ. ಮರದ ಮೇಲೆ ಒಂದು ವರ್ಷ, ಅಟ್ಟದ ಮೇಲೆ ಹೆಚ್ಚು ಕಡಿಮೆ ಇನ್ನೊಂದು ವರ್ಷ. ಏಳನೆಯ ತಿಂಗಳಲ್ಲಿ ಕೊಯ್ದ ಪ್ರತಿಯೊಂದು ಎಳನೀರೂ ಹುಟ್ಟದೆ ಹೋದ ಒಂದು ಗಿಟುಕು.

ಯಾವುದು ಲಾಭ? 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಮಾಡಿದ್ದರೂ ಪೇಟೆಯ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ ಕುಸಿಯಿತು. ಅಟ್ಟದಲ್ಲಿ ಕಾಯಿಟ್ಟವನು ಕಾದು ಕೆಟ್ಟ. ಎಳನೀರು ಮಾರಿದವನು ಜಾಣನೆನಿಸಿದ. 2025ರಲ್ಲಿ ಬೆಂಬಲ ಬೆಲೆ 12,100 ರೂಪಾಯಿಯಾಗಿದ್ದಾಗ ತಿಪಟೂರಿನ ಪೇಟೆಯಲ್ಲಿ ಧಾರಣೆ ಅದರ ಎರಡು ಪಟ್ಟನ್ನೂ ಮೀರಿತು. ಜಾಣತನ ಅಟ್ಟಕ್ಕೆ ಮರಳಿತು. ಆ ವರ್ಷ ನಗರಗಳಲ್ಲಿ ಎಳನೀರಿನ ಬೆಲೆ ಏರಿದಾಗ ಗಾಡಿಯವನೊಡನೆ ಜಗಳವಾಡಿದ ಗಿರಾಕಿಗಳು ಎಷ್ಟೋ ಮಂದಿ. ಬೆಲೆ ಗೊತ್ತಾಗುವುದು ಗಾಡಿಯ ಮೇಲೆ ಮಾತ್ರವಲ್ಲ, ಅಟ್ಟದ ಮೇಲೆಯೂ ಎಂಬುದನ್ನು ಅವರಿಗೆ ತಿಳಿಸಿದವರಿರಲಿಲ್ಲ.

ಅದೇ ಮರ ಕೊಡಬಲ್ಲ ಮೂರನೆಯ ಪದಾರ್ಥ ನೀರಾ. ಬಿರಿಯದ ಹೊಂಬಾಳೆಯನ್ನು ಕಟ್ಟಿ, ತುದಿಯನ್ನು ಕೊಯ್ದರೆ ಜಿನುಗುವ ಈ ರಸ ಎಳನೀರಿಗಿಂತ ಎರಡು ಪಟ್ಟಿಗೂ ಮೇಲಾಗಿ ಸಿಹಿ. ಬಿಯರು ಮಾಡುವವನು ಬಾರ್ಲಿಯ ಸಿಹಿರಸಕ್ಕೆ ಯೀಸ್ಟನ್ನು ಕರೆದು ಕೂರಿಸಬೇಕು. ನೀರಾಕ್ಕೆ ಅದು ಗಾಳಿಯಿಂದಲೇ ಕರೆಯದೆ ಬರುವ ಅತಿಥಿ. ಕೆಲವು ಗಂಟೆಗಳಲ್ಲಿ ನೀರಾ ಹುಳಿತು ಸೇಂದಿಯಾಗುತ್ತದೆ. ಆದ್ದರಿಂದಲೇ ಕಾನೂನು ಅದನ್ನು ಬಹುಕಾಲ ಸಂಶಯದಿಂದ ಕಂಡಿತು. ನುಸಿಯಿಂದ ಫಸಲು ನೆಲಕಚ್ಚಿದ್ದ ದಿನಗಳಲ್ಲಿ, 2001ರಲ್ಲಿ, ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ನೀರಾ ಇಳಿಸುವ ಹಕ್ಕಿಗಾಗಿ ನಡೆದ ಚಳವಳಿಯಲ್ಲಿ ಗೋಲಿಬಾರಾಗಿ ರೈತರು ಪ್ರಾಣ ತೆತ್ತರು. ಈಗ ಮಂಜುಗಡ್ಡೆ ತುಂಬಿದ ಪೆಟ್ಟಿಗೆಯನ್ನು ಹೊಂಬಾಳೆಗೇ ಕಟ್ಟಿ, ಹುಳಿಯದ ರಸವನ್ನು ಇಳಿಸುವ ವಿಧಾನವನ್ನು ಕಾಸರಗೋಡಿನ ಸಂಸ್ಥೆ ರೂಪಿಸಿದೆ. ಆ ರಸಕ್ಕೆ ಕಲ್ಪರಸವೆಂದು ಹೆಸರು. ಅಂಕ ಕೊಡುವುದಾದರೆ ಬೆಳಗಿನ ತಾಜಾ ಕಲ್ಪರಸಕ್ಕೆ ರುಚಿಯಲ್ಲಿ ಹೆಚ್ಚಿನ ಅಂಕ ಸಲ್ಲಬೇಕು. ಆದರೆ ದಾಹ ತೀರಿಸುವುದರಲ್ಲಿ ಅದು ಎಳನೀರಿಗೆ ಸೋಲುತ್ತದೆ. ಅಷ್ಟು ಸಿಹಿಯಾದದ್ದು ಬಾಯಾರಿಕೆಯನ್ನು ಮತ್ತೆ ಕರೆಯುತ್ತದೆ.

ಬೇಸಗೆಯ ರಜೆಯಲ್ಲಿ ಅರಸೀಕೆರೆಯ ಜಂಕ್ಷನ್ನಿನಲ್ಲಿ ರೈಲಿಳಿದು, ಪಟ್ಟಣದ ಹೊಯ್ಸಳ ಶಿವಾಲಯವನ್ನು ನೋಡಿ, ಹಳೇಬೀಡು ಬೇಲೂರುಗಳಿಗೆ ಹೊರಡುವ ಸಂಸಾರಗಳು ಹಲವು. ದಾರಿಯ ತೋಟದ ಅಂಚಿನಲ್ಲಿ ಗಾಡಿ ನಿಲ್ಲಿಸಿದಾಗ ದೊಡ್ಡ ಕಾಯಿಯನ್ನು ಬೆರಳಿನಿಂದ ತೋರಿಸುವುದಕ್ಕೆ ಬದಲಾಗಿ, ‘ತೆಳುಗಂಜಿಯದು ಕೊಡಿ’ ಎಂದು ಕೇಳಿ, ಅಲುಗಾಡಿಸಿ ನೋಡಿ ಕೊಳ್ಳುವುದು ಮೇಲು. ಬಲಿತ ಕಾಯಿಯನ್ನು ಮರದಿಂದ ಕೆಡವಿದರೂ ನಡೆದೀತು. ಎಳನೀರಿನ ಗೊನೆಯನ್ನು ಬಿರುಕು ಬಿಡದಂತೆ ಹಗ್ಗ ಕಟ್ಟಿಯೇ ಇಳಿಸಬೇಕು. ಸರಿಯಾದ ತಿಂಗಳನ್ನು ಎಣಿಸಿ, ಅಷ್ಟೆತ್ತರಕ್ಕೆ ಹತ್ತಿ, ಅಷ್ಟು ಜೋಪಾನವಾಗಿ ಇಳಿಸಿದ ಕಾಯಿ ಹತ್ತು ರೂಪಾಯಿ ಹೆಚ್ಚಿಗೆ ಕೇಳಿದರೆ ಅದು ಅನ್ಯಾಯವಲ್ಲ. ಅವಸರದಲ್ಲಿ ಐದನೆಯ ತಿಂಗಳಿಗೇ ಕೊಯ್ದ ಒಗರು ನೀರು ಎಷ್ಟು ಅಗ್ಗವಾದರೂ ದುಬಾರಿಯೇ: ಕುಡಿದವನಿಗೆ ರುಚಿಯಿಲ್ಲ, ಬೆಳೆದವನಿಗೆ ಕೊಬ್ಬರಿಯೂ ಇಲ್ಲ.